ಬಿಲ್ಲಿಗೆ ಕಾಯದೆ ತಳಪಾಯ: ಪಂಚಾಯಿತಿ ವಸತಿ ಅನುದಾನದಲ್ಲಿ ನನ್ನ ಅನುಭವ

ವಸತಿ ಯೋಜನೆಯ ಮನೆಗಳು ಅರ್ಧಕ್ಕೆ ನಿಲ್ಲಲು ಅನುದಾನ ಸಾಲದಿರುವುದಕ್ಕಿಂತ ಅದು ಬರುವ ಹೊತ್ತೇ ಹೆಚ್ಚಿನ ಕಾರಣ ಎಂದು ನಾನು ಸಭೆಯಲ್ಲಿ ಹೇಳಿದಾಗ ಒಪ್ಪಿದವರು ತೀರ ಕಡಿಮೆ. 2020ರ ಡಿಸೆಂಬರ್ ಚುನಾವಣೆಯಲ್ಲಿ ಗೆದ್ದು ಬಂದ ನಮ್ಮ ಪಂಚಾಯಿತಿಯ ಮುಂದೆ ಹಿಂದಿನ ಸಾಲುಗಳಲ್ಲಿ ಮಂಜೂರಾಗಿ ಲಿಂಟಲ್ (ಬಾಗಿಲು, ಕಿಟಕಿಗಳ ಮೇಲಂಚಿನ) ಮಟ್ಟದಲ್ಲೇ ನಿಂತಿದ್ದ ಮನೆಗಳೂ, ತಳಪಾಯವನ್ನೇ ಕಾಣದೆ ಬ್ಲಾಕ್ ಆಗಿದ್ದ (ಅವಧಿ ಮೀರಿದ್ದಕ್ಕೆ ಅನುದಾನ ತಡೆಹಿಡಿದಿದ್ದ) ಮನೆಗಳೂ ಸೇರಿ ಐವತ್ತರ ಮೇಲಿದ್ದವು. ಇಂದು ಹಳೆಯವು, ಹೊಸವು ಸೇರಿ ಎಪ್ಪತ್ತರಷ್ಟು ಮನೆಗಳಿಗೆ ಛಾವಣಿ ಬಿದ್ದು, ಬಹುಪಾಲು ಕುಟುಂಬಗಳು ಒಕ್ಕಲಾಗಿವೆ. ಇದು ಆಗದ ಕೆಲಸ ಎಂದವರೇ ಈಗ ಪಕ್ಕದ ಪಂಚಾಯಿತಿಗಳಿಂದ ಬಂದು ಲೆಕ್ಕದ ಪುಸ್ತಕ ನೋಡಿಕೊಂಡು ಹೋಗುತ್ತಿರುವುದರಿಂದ, ನಾವು ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ಅನುದಾನ ಒಮ್ಮೆಲೇ ಬರುವುದಿಲ್ಲ, ಕೆಲಸದ ಹಂತಕ್ಕೆ ತಕ್ಕಂತೆ ಕಂತುಗಳಲ್ಲಿ ಬರುತ್ತದೆ. ರಾಜ್ಯದ ವಸತಿ ಯೋಜನೆಗಳಲ್ಲಿ ತಳಪಾಯ ಮುಗಿದು, ಜಾಗದ ಗುರುತು ದಾಖಲಾಗುವ ಜಿಪಿಎಸ್ ಫೋಟೋ ಆದ ಮೇಲಲ್ಲದೆ ಮೊದಲ ಕಂತು ಬಿಡುಗಡೆಯಾಗುವುದಿಲ್ಲ. ನಾವು ಆರಂಭಿಸಿದಾಗ ಬಸವ ವಸತಿಯಲ್ಲಿ ಸಾಮಾನ್ಯ ವರ್ಗಕ್ಕೆ 1.20 ಲಕ್ಷ, ಅಂಬೇಡ್ಕರ್ ನಿವಾಸದಲ್ಲಿ ಪರಿಶಿಷ್ಟರಿಗೆ 1.75 ಲಕ್ಷ ಇತ್ತು. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣದಲ್ಲೂ ಬಯಲು ಪ್ರದೇಶಕ್ಕೆ 1.20 ಲಕ್ಷವೇ. ಮುನ್ನೂರು ಚದರಡಿಯ ಮನೆಗೆ ಒಬ್ಬರೇ ಸೈಜುಗಲ್ಲು, ಮರಳು, ಸಿಮೆಂಟು ತಂದು ತಳಪಾಯ ಹಾಕಿಸಿದರೆ ನಮ್ಮ ಕಡೆ 55ರಿಂದ 60 ಸಾವಿರ ತಗಲುತ್ತಿತ್ತು, ಅದರ ಮೇಲೆ ಬರುತ್ತಿದ್ದ ಮೊದಲ ಕಂತು 30 ಸಾವಿರದ ಆಸುಪಾಸು. ಕೂಲಿಯಿಂದಲೇ ಬದುಕುವ ಕುಟುಂಬ ಆ ಮೊದಲ ದುಡ್ಡನ್ನು ಹೊಂದಿಸಲು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ, ಕೆಲವೊಮ್ಮೆ ಐದು ರೂಪಾಯಿ ಬಡ್ಡಿಯ ಕೈಸಾಲಕ್ಕೆ ಹೋಗುತ್ತಿತ್ತು. ಬಿಲ್ಲು, ಅಂದರೆ ಕಂತಿನ ಹಣ, ತಡವಾದಷ್ಟೂ ಅನುದಾನದ ಒಂದು ಪಾಲು ಗೋಡೆಗೆ ಹೋಗುವ ಬದಲು ಬಡ್ಡಿಗೆ ಹೋಗುತ್ತಿತ್ತು. ಕೈಸಾಲವೂ ಹುಟ್ಟದ ಮನೆ ನಿಗದಿತ ಅವಧಿ ಮೀರಿ ಬ್ಲಾಕ್ ಪಟ್ಟಿಗೆ ಸೇರುತ್ತಿತ್ತು. ಅತ್ಯಂತ ಬಡವರೆಂದು ಗ್ರಾಮಸಭೆಯೇ ಆರಿಸಿದ ಕುಟುಂಬಗಳು ಆ ಬಡತನದ ಕಾರಣಕ್ಕಾಗಿಯೇ ಪಟ್ಟಿಯಿಂದ ಉದುರುವುದನ್ನು ನೋಡಿ ಸುಮ್ಮನಿರಲು ನನ್ನಿಂದ ಸಾಧ್ಯವಿರಲಿಲ್ಲ.

ಇದಕ್ಕೆ ಮೊದಲು ನಮ್ಮ ಊರಿನಲ್ಲಿ ನಡೆದ ಎರಡು ಪ್ರಯತ್ನಗಳೂ ಕೈಕೊಟ್ಟಿದ್ದವು. ಅನುದಾನದಲ್ಲೇ ಮನೆ ಮುಗಿಸಿಕೊಡುತ್ತೇನೆಂದು ಬಂದ ಒಬ್ಬ ಗುತ್ತಿಗೆದಾರ ಹಲವು ಮನೆಗಳನ್ನು ಒಟ್ಟಿಗೆ ಹಿಡಿದು, ಫಲಾನುಭವಿಗಳ ಖಾತೆಗೆ ಬಂದ ಮೊದಲೆರಡು ಕಂತುಗಳನ್ನು ಪಡೆದು, ಲಿಂಟಲ್ ಮಟ್ಟದಲ್ಲಿ ಕೆಲಸ ಬಿಟ್ಟು ಹೋದ. ಆ ಗೋಡೆಗಳು ಎರಡು ಮಳೆಗಾಲ ನೆನೆದಿದ್ದವು, ಮೇಲಿನ ಮೂರು ವರಸೆಯನ್ನು ಕಿತ್ತು ಮತ್ತೆ ಕಟ್ಟಬೇಕಾಯಿತು. ಆಮೇಲೆ ಸಿಮೆಂಟು ಅಂಗಡಿಯವರ ಉದ್ರಿಯನ್ನು ನಂಬಿದೆವು; ಮೂಟೆಗೆ 30–35 ರೂಪಾಯಿ ಹೆಚ್ಚು ಬರೆದುಕೊಂಡಿದ್ದು ಲೆಕ್ಕ ತೀರಿಸುವಾಗ ಗೊತ್ತಾಯಿತು. ಎರಡರಲ್ಲೂ ಕಂಡದ್ದು ಒಂದೇ: ಮುಂಗಡದ ದುಡ್ಡು ಯಾರ ಕೈಯಲ್ಲಿದೆಯೋ ಲಾಭವೂ ಅವರದೇ.

ಹಾಗಾದರೆ ಆ ಮುಂಗಡ ಊರಿನ ಹೆಣ್ಣುಮಕ್ಕಳ ಕೈಯಲ್ಲಿಯೇ ಏಕಿರಬಾರದು ಎಂಬುದು ನನ್ನ ವಾದವಾಗಿತ್ತು. ನಮ್ಮಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟ ಗಟ್ಟಿಯಾಗಿದೆ. ಸಂಘಗಳ ಉಳಿತಾಯವೂ ಸದಸ್ಯೆಯರಿಗೆ ಸಾಲ ಕೊಡಲೆಂದಿರುವ ಸಮುದಾಯ ಬಂಡವಾಳ ನಿಧಿಯೂ ಸುತ್ತುತ್ತಿರುತ್ತವೆ. ಹತ್ತು ಮನೆಗಳನ್ನು ಒಂದು ತಂಡವಾಗಿ ಹಿಡಿದು, ಪ್ರತಿ ಮನೆಗೆ 30 ಸಾವಿರದಂತೆ ಸದಸ್ಯೆಯ ಹೆಸರಿನಲ್ಲಿಯೇ ಸಂಘದಿಂದ ಸಾಲ ಕೊಟ್ಟು, ಮೊದಲ ಕಂತು ಖಾತೆಗೆ ಬಿದ್ದ ಕೂಡಲೇ ಅದನ್ನು ಮರಳಿಸಿಕೊಂಡು ಮುಂದಿನ ತಂಡಕ್ಕೆ ಕೊಡುವುದು ಯೋಜನೆ. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು ರೂಪಾಯಿ. ಒಕ್ಕೂಟದ ಸಭೆಯಲ್ಲಿ ಮೊದಲು ಎದ್ದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು: “ಅಣ್ಣಾ, ಬಿಲ್ಲು ಆರು ತಿಂಗಳಾದರೂ ಬರದೆ ಹೋದರೆ ನಮ್ಮ ಸಂಘದ ದುಡ್ಡಿಗೆ ಏನು ಗತಿ?” ಅದಕ್ಕಾಗಿ ಎರಡು ಕಟ್ಟುಪಾಡುಗಳನ್ನು ಮಾಡಿಕೊಂಡೆವು. ಒಕ್ಕೂಟದ ನಿಧಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಮನೆಗಳಿಗೆ ಕೊಡುವಂತಿಲ್ಲ, ಒಂದು ತಂಡದಲ್ಲಿ ಏಳು ಮನೆಗಳ ಕಂತಾದರೂ ಮರಳದೆ ಮುಂದಿನ ತಂಡಕ್ಕೆ ಗುದ್ದಲಿ ಹಾಕುವಂತಿಲ್ಲ. ಬಿಲ್ಲು ಒಮ್ಮೆ ಐದು ತಿಂಗಳ ಹತ್ತಿರ ತಡವಾದಾಗ ಒಕ್ಕೂಟ ಉಸಿರಾಡಿದ್ದು ಈ ಕಟ್ಟುಪಾಡಿನಿಂದಲೇ.

ಹತ್ತು ಮನೆಗಳ ತಳಪಾಯವನ್ನು ಒಟ್ಟಿಗೆ ತೆಗೆಸಿದಾಗ ಖರ್ಚು ಮನೆಗೆ 42 ಸಾವಿರದ ಸುತ್ತ ಇಳಿಯಿತು. ಕ್ವಾರಿಯಿಂದ ಪೂರ್ತಿ ಟಿಪ್ಪರ್ ತರಿಸಿದ್ದರಿಂದ ಎಂ ಸ್ಯಾಂಡಿನಲ್ಲಿ, ಇನ್ನೂರು ಮೂಟೆ ಒಮ್ಮೆಲೇ ಎತ್ತಿದ್ದರಿಂದ ಸಿಮೆಂಟಿನಲ್ಲಿ, ಒಬ್ಬನೇ ಮೇಸ್ತ್ರಿಯ ಕೈಕೆಳಗೆ ಕೆಲಸ ನಿಲ್ಲದೆ ಸಾಗಿದ್ದರಿಂದ ಕೂಲಿಯಲ್ಲಿ ಉಳಿಯಿತು. ಸಿಮೆಂಟಿನ ದರವನ್ನು ಮೂರು ತಿಂಗಳು ಏರದಂತೆ ಹಿಡಿದು ನಿಲ್ಲಿಸಿದ ಮಾತುಕತೆಯನ್ನು ಮಾತ್ರ ನಾನು ಇಲ್ಲಿ ಬಿಚ್ಚಿಡುವುದಿಲ್ಲ. ನಮ್ಮ ಮುಂದಿನ ತಂಡಗಳಿಗೆ ಅದು ಇನ್ನೂ ಬೇಕಾಗಿದೆ.

ಸ್ವಂತ ಮನೆಯ ಕೆಲಸಕ್ಕೆ ಉದ್ಯೋಗ ಖಾತರಿ ಯೋಜನೆಯಲ್ಲಿ ಸಿಗುತ್ತಿದ್ದ ನರೇಗಾ ಕೂಲಿಯನ್ನು ನಮ್ಮಲ್ಲಿ ಬಹಳ ಮಂದಿ ಬಿಟ್ಟೇ ಬಿಟ್ಟಿದ್ದರು. 90 ಮಾನವ ದಿನಗಳೆಂದರೆ 2022–23ರ 309 ರೂಪಾಯಿ ದರದಲ್ಲಿ 27,810 ರೂಪಾಯಿ. ಇದು ಹೆಚ್ಚುಕಡಿಮೆ ಒಂದು ಕಂತಿಗೆ ಸಮ. ಮನೆ ಮುಗಿಯುತ್ತಾ ಬಂದಾಗ ಎನ್‌ಎಂಆರ್ (ಕೂಲಿ ಹಾಜರಾತಿ ಪಟ್ಟಿ) ಕೇಳಿದರೆ ಯಾರೂ ತೆಗೆಯುತ್ತಿರಲಿಲ್ಲ. ಕಾಮಗಾರಿ ಆದೇಶ ಕೈಗೆ ಬಂದ ವಾರದಲ್ಲೇ ವರ್ಕ್ ಕೋಡ್ (ಕಾಮಗಾರಿಯ ಸಂಖ್ಯೆ) ಮಾಡಿಸಿ, ಜಾಬ್ ಕಾರ್ಡಿನಲ್ಲಿ ಫಲಾನುಭವಿಯ ಹೆಸರು ಸರಿಯಿದೆಯೇ ಎಂದು ನೋಡಿ, ಪಾಯ ತೋಡುವ ದಿನದಿಂದಲೇ ಹಾಜರಾತಿ ಹಾಕಿಸಿದೆವು. ಶೌಚಾಲಯದ 12 ಸಾವಿರ ಬೇರೆ. ಎಲ್ಲ ಸೇರಿ ಸಾಮಾನ್ಯ ವರ್ಗದ ಕುಟುಂಬಕ್ಕೆ 1.60 ಲಕ್ಷದಷ್ಟು ಸಿಕ್ಕಂತಾಯಿತು. ಮನೆಯ ಪೂರ್ಣ ಖರ್ಚು ಒಬ್ಬರೇ ಕಟ್ಟಿದರೆ ಮೂರೂವರೆ ಲಕ್ಷ, ನಮ್ಮ ತಂಡದಲ್ಲಿ 2.90 ಲಕ್ಷದ ಹತ್ತಿರ. ಉಳಿದದ್ದನ್ನು ಕುಟುಂಬವೇ ತರಬೇಕು. ಹಳೆಯ ಮನೆಯ ಕಲ್ಲು, ಬಾಗಿಲು, ಕಿಟಕಿಗಳನ್ನು ಎಣಿಸಿ ಬಳಸಿದರೆ ಆ ಭಾರ ಒಂದಿಷ್ಟು ಇಳಿಯುತ್ತದೆ.

ಛಾವಣಿ ಎರಡನೆಯ ಕಂಟಕ. ಸೆಂಟ್ರಿಂಗ್ (ಛಾವಣಿಯ ಕಾಂಕ್ರೀಟು ಗಟ್ಟಿಯಾಗುವವರೆಗೆ ಹೊರುವ ಶೀಟು, ಜಾಕಿಗಳ) ಬಾಡಿಗೆಯೇ ಮನೆಗೆ ಎಂಟೊಂಬತ್ತು ಸಾವಿರ ಆಗುತ್ತಿತ್ತು, ಅದೂ ಹಂಗಾಮಿನಲ್ಲಿ ಸಿಗುತ್ತಿರಲಿಲ್ಲ. ಕೆಲಸ ಬಿಡುತ್ತಿದ್ದ ಒಬ್ಬರಿಂದ ಹಳೆಯ ಕಬ್ಬಿಣದ ಶೀಟುಗಳನ್ನೂ ಜಾಕಿಗಳನ್ನೂ ಎರಡು ಮನೆಗೆ ಸಾಲುವಷ್ಟು, ಒಟ್ಟು 1.30 ಲಕ್ಷಕ್ಕೆ ಒಕ್ಕೂಟ ಕೊಂಡಿತು. ಮನೆಗೆ 3 ಸಾವಿರ ಬಾಡಿಗೆಯಂತೆ ನಲವತ್ತರ ಆಸುಪಾಸಿನ ಮನೆಗಳಲ್ಲಿ ಆ ಹಣ ಬಹುತೇಕ ಹುಟ್ಟಿದೆ, ಶೀಟುಗಳು ಇನ್ನೂ ನಮ್ಮವೇ. ಒಂದು ಮನೆಯಲ್ಲಿ ಸುಮಾರು ಮೂರು ವಾರ ನಿಂತು ಮುಂದಿನ ಮನೆಗೆ ಹೋಗುವಂತೆ ಸರದಿಯನ್ನು ಪಂಚಾಯಿತಿ ಗೋಡೆಯ ಮೇಲೆಯೇ ಬರೆಸಿದ್ದರಿಂದ ಜಗಳವಾಗಲಿಲ್ಲ.

ಜಿಪಿಎಸ್ ವಿಷಯದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಜಾಗ. ಖಾಲಿ ನಿವೇಶನದ ಫೋಟೋವನ್ನು ಹಳೆಯ ಗುಡಿಸಿಲ ಮುಂದೆ ತೆಗೆಸಿ, ಮನೆಯನ್ನು ಹಿತ್ತಲಿನಲ್ಲಿ ಎಬ್ಬಿಸಿದ ಪ್ರಕರಣಗಳಲ್ಲಿ ಜಾಗ ಹೊಂದದೆ ಮುಂದಿನ ಫೋಟೋಗಳು ತಿರಸ್ಕೃತವಾದವು. ಈಗ ಮೇಸ್ತ್ರಿ ಸುಣ್ಣದಿಂದ ಪಾಯದ ಗುರುತು ಹಾಕಿದ ಮೇಲೆ, ಆ ಗೆರೆಯೊಳಗೆ ಮನೆಯೊಡತಿಯನ್ನು ನಿಲ್ಲಿಸಿಯೇ ಮೊದಲ ಫೋಟೋ. ಇನ್ನೊಂದು ಪೆಟ್ಟು ಬ್ಯಾಂಕಿನಿಂದ ಬಿತ್ತು. ಅನುದಾನ ಆಧಾರ್‌ಗೆ ಕೊನೆಯಲ್ಲಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಒಂದು ಕುಟುಂಬದ ಕಂತು ಹೀಗೆ ಅವರು ಮರೆತೇ ಹೋಗಿದ್ದ ಖಾತೆಗೆ ಬಿದ್ದು, ಹಳೆಯ ಬೆಳೆಸಾಲಕ್ಕೆ ಮುರಿದುಕೊಳ್ಳಲಾಯಿತು. ಅದನ್ನು ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆಯಬೇಕಾಯಿತು. ಅಂದಿನಿಂದ ಹೊಸ ಉಳಿತಾಯ ಖಾತೆ ತೆರೆದು, ಆಧಾರ್ ಜೋಡಣೆ ಅದಕ್ಕೇ ಬದಲಾಗಿದೆ ಎಂದು ಖಚಿತಪಡಿಸಿಕೊಂಡ ಹೊರತು ಯಾರನ್ನೂ ತಂಡಕ್ಕೆ ಸೇರಿಸುವುದಿಲ್ಲ.

ಈ ನಡುವೆ ಗೋಡೆಯ ಖರ್ಚು ಇಳಿಸಲು ಎರಡು ಮನೆಗಳಲ್ಲಿ ಮಣ್ಣಿನ ಬ್ಲಾಕನ್ನು ಪ್ರಯೋಗಿಸಿದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಬೆಳೆಸಿದ ವಿಧಾನವದು: ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತುವುದು. ಪುಕ್ಕಟೆ ಸಿಗುತ್ತದೆಂದು ತಂದ ಕೆರೆಗೋಡಿನಲ್ಲಿ ಜೇಡಿ ಹೆಚ್ಚಾಗಿ ಬ್ಲಾಕುಗಳು ಒಣಗುವಾಗಲೇ ಬಿರುಕು ಬಿಟ್ಟವು. ಪಾಯದಿಂದ ತೆಗೆದ ಕೆಂಪು ಮಣ್ಣಿಗೆ ಜಲ್ಲಿಪುಡಿ ಸೇರಿಸಿ, ನೂರಕ್ಕೆ ಏಳರಷ್ಟು ಸಿಮೆಂಟು ಹಾಕಿದಾಗ ಕಲ್ಲಿನಂತೆ ನಿಂತವು. ಗೋಡೆಯ ಲೆಕ್ಕದಲ್ಲಿ ಆರನೇ ಒಂದು ಭಾಗ ಉಳಿದಿರಬಹುದು. ಆದರೆ ಒತ್ತಿ, ನೀರುಣಿಸಿ, ಕಾಯುವಷ್ಟರಲ್ಲಿ ಆ ಮನೆಗಳು ತಂಡದಿಂದ ಹಿಂದೆ ಬಿದ್ದವು. ಬೇಸಿಗೆಯಲ್ಲಿ ಮೊದಲೇ ಒತ್ತಿಟ್ಟುಕೊಳ್ಳುವವರಿಗೆ ಮಾತ್ರ ಇದು ಒಗ್ಗುತ್ತದೆ. ಹಳೆಯ ಮಂಗಳೂರು ಹೆಂಚುಗಳನ್ನು ಕಂಬಿಗಳ ನಡುವೆ ಜೋಡಿಸಿ ಹಾಕಿದ ಫಿಲ್ಲರ್ ಛಾವಣಿ ಹೆಚ್ಚು ಫಲ ಕೊಟ್ಟಿತು. ಕಾಂಕ್ರೀಟು ಕಡಿಮೆ ಹಿಡಿಯಿತು, ಒಳಗೆ ಸೆಕೆಯೂ ಕಡಿಮೆ. ಹೆಂಚುಗಳನ್ನು ಹಿಂದಿನ ದಿನವೇ ನೀರಿನಲ್ಲಿ ನೆನೆಸುವುದನ್ನು ಮರೆಯಬಾರದು.

ನಾನು ಎಣಿಸದೆ ಇದ್ದ ಲಾಭವೆಂದರೆ ಬೀದಿ. ಚದುರಿದ ಮನೆಗಳಿಗೆ ಚರಂಡಿಯನ್ನು ಕ್ರಿಯಾಯೋಜನೆಯಲ್ಲಿ ಸಮರ್ಥಿಸುವುದು ಕಷ್ಟ. ಒಂದೇ ಬೀದಿಯಲ್ಲಿ ಹತ್ತು ಮನೆಗಳು ಒಟ್ಟಿಗೆ ಎದ್ದಾಗ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ನೈರ್ಮಲ್ಯಕ್ಕೂ ಕುಡಿಯುವ ನೀರಿಗೂ ಮೀಸಲಾದ ಶೇ. 60ರ ಪಾಲಿನಿಂದ ಚರಂಡಿ ಬಂತು, ನರೇಗಾದಲ್ಲಿ ಮನೆಗೊಂದು ಬಚ್ಚಲು ಗುಂಡಿ ಬಂತು. ಪಾಯ ಹಾಕುವ ಮುನ್ನ ಮೇಸ್ತ್ರಿ ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ಹಿಡಿದು ಬೀದಿಯ ಈ ತುದಿಯಿಂದ ಆ ತುದಿಗೆ ಒಂದೇ ಮಟ್ಟದ ಗುರುತು ಹಾಕಿ, ಚರಂಡಿಯ ಅಂಚಿಗಿಂತ ಒಂದೂವರೆ ಅಡಿ ಮೇಲೆ ಎಲ್ಲ ಮನೆಗಳ ಹೊಸ್ತಿಲು ಬರುವಂತೆ ಮಾಡಿದ್ದರಿಂದ ಕಳೆದ ದೊಡ್ಡ ಮಳೆಯಲ್ಲಿ ಆ ಬೀದಿಯ ಒಂದು ಮನೆಗೂ ನೀರು ನುಗ್ಗಲಿಲ್ಲ.

ಒಕ್ಕೂಟಕ್ಕೆ ಬರಬೇಕಾದ ಹಣದಲ್ಲಿ ಎರಡು ಕುಟುಂಬಗಳದ್ದು ಬಿಟ್ಟು ಉಳಿದದ್ದೆಲ್ಲ ಬಂದಿದೆ. ಆ ಎರಡೂ ಕುಟುಂಬಗಳು ವಾರದ ಕಂತಿನಲ್ಲಿ ಕಟ್ಟುತ್ತಿವೆ. ಇನ್ನೂ ಏಳದೆ ಉಳಿದ ಕೆಲವು ಮನೆಗಳ ತೊಡಕು ನಿವೇಶನದ ದಾಖಲೆಯದು: ಅಣ್ಣತಮ್ಮಂದಿರ ನಡುವೆ ಜಾಗ ಭಾಗವಾಗದೆ ಇ-ಸ್ವತ್ತು (ಪಂಚಾಯಿತಿ ಕೊಡುವ ಆಸ್ತಿ ದಾಖಲೆ) ಆಗಿಲ್ಲ. ಮುಂದಿನ ತಂಡಕ್ಕೆ ಹೆಸರು ಬರೆದುಕೊಳ್ಳುವ ಮುಂಚೆ, ಅಂತಹ ಮನೆಗಳ ಹಿರಿಯರನ್ನು ಒಟ್ಟಿಗೆ ಕೂರಿಸಿ ಒಪ್ಪಿಗೆ ಪತ್ರ ಬರೆಸುವ ಕೆಲಸವನ್ನು ಒಕ್ಕೂಟದ ಹೆಣ್ಣುಮಕ್ಕಳೇ ಕೈಗೆತ್ತಿಕೊಂಡಿದ್ದಾರೆ. ಮೂರು ಮನೆಗಳಲ್ಲಿ ಸಹಿ ಆಗಿದೆ.