ಮೊದಲು ಎಣ್ಣೆ ಕೆಂಪಾಗಬೇಕು: ಚೆಂಗ್ಡುವಿನಲ್ಲಿ ನಾನು ಮಾಡಿಕೊಂಡ ಸಿಚುವಾನ್ ಅಡುಗೆ

ಬೆಂಗಳೂರಿನ ಗಾಡಿಗಳಲ್ಲಿ ಸಿಗುವ ಶೆಜ್ವಾನ್ ಫ್ರೈಡ್ ರೈಸ್ ತಿಂದವರು ಸಿಚುವಾನ್ (ನಮ್ಮ ಬಾಯಲ್ಲಿ ಶೆಜ್ವಾನ್) ಅಂದರೆ ಬರೀ ಖಾರ ಅಂದುಕೊಂಡಿರುತ್ತಾರೆ. ಆ ಕೆಂಪು ಚಟ್ನಿ ನನಗೂ ಇಷ್ಟವೇ. ಆದರೆ ಸಿಚುವಾನ್ ಅಡುಗೆಗೆ ಆಧಾರವಾದ ಎರಡು ಸಾಮಾನು, ದೌಬಾನ್‌ಜಿಯಾಂಗ್ ಎಂಬ ಹುಳಿಸಿದ ಕಾಳು-ಮೆಣಸಿನಕಾಯಿಯ ಗೊಜ್ಜು ಮತ್ತು ಹ್ವಾಜಿಯಾವ್ ಎಂಬ ನಾಲಿಗೆ ಜುಂ ಅನ್ನಿಸುವ ಕಾಯಿ, ಸಾಮಾನ್ಯವಾಗಿ ಅದರಲ್ಲಿ ಇರುವುದೇ ಇಲ್ಲ.

ಕೆಲಸದ ಮೇಲೆ ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡುವಿನಲ್ಲಿದ್ದಾಗ ಬಾಡಿಗೆ ಮನೆಯಲ್ಲಿ ನಾನೇ ಅಡುಗೆ ಮಾಡಿಕೊಳ್ಳುತ್ತಿದ್ದೆ. ನಾನು ಮಾಂಸ ತಿನ್ನುವುದಿಲ್ಲ. ಹೋಟೆಲಿನಲ್ಲಿ ಎಷ್ಟು ಹೇಳಿದರೂ ತೋಫು ಮೇಲೆ ಒಂದು ಚಮಚ ಕೊಚ್ಚಿದ ಮಾಂಸ ಬಿದ್ದೇ ಇರುತ್ತಿತ್ತು. ಅಷ್ಟು ಚೂರು ಅವರಿಗೆ ಲೆಕ್ಕಕ್ಕೇ ಇಲ್ಲ. ವೆನ್‌ಶು ಬೌದ್ಧ ಮಠದ ಸಸ್ಯಾಹಾರಿ ಊಟದ ಮನೆಯಲ್ಲಿ ತಿಂದ ಮೇಲೆ, ಮಾಂಸ ಇಲ್ಲದೆಯೂ ಇದು ಆಗುತ್ತೆ ಅಂತ ಗೊತ್ತಾಯಿತು. ಉಳಿದದ್ದನ್ನು ಪಕ್ಕದ ಮನೆಯ ಅಜ್ಜಿ ಒಲೆ ಪಕ್ಕ ನಿಲ್ಲಿಸಿಕೊಂಡು ಕಲಿಸಿದರು. ಅವರಿಗೆ ಅಳತೆ ಗಿಳತೆ ಏನೂ ಇಲ್ಲ, ಬಣ್ಣ ನೋಡು, ವಾಸನೆ ನೋಡು, ಅಷ್ಟೇ.

ಮೊದಲು ದೌಬಾನ್‌ಜಿಯಾಂಗ್. ಚೆಂಗ್ಡು ಪಕ್ಕದ ಪೀಶಿಯೆನ್ ಇದಕ್ಕೆ ಹೆಸರುವಾಸಿ. ದಪ್ಪ ಫಾವಾ ಕಾಳು, ಕೆಂಪು ಮೆಣಸಿನಕಾಯಿ, ಉಪ್ಪು, ಸ್ವಲ್ಪ ಗೋಧಿ ಹಿಟ್ಟು ಸೇರಿಸಿ ದೊಡ್ಡ ಮಣ್ಣಿನ ಬಾನಿಗಳಲ್ಲಿ ಹುಳಿಯಲು ಬಿಡುತ್ತಾರೆ. ಹಗಲು ಬಿಸಿಲು, ರಾತ್ರಿ ಇಬ್ಬನಿ, ಮಳೆ ಬಂದರೆ ಮುಚ್ಚಳ, ನಡುನಡುವೆ ಮಗುಚುವುದು. ಹೊಸದಾದರೆ ಕೆಂಪಗಿರುತ್ತದೆ, ವರ್ಷಗಳು ಕಳೆದಂತೆ ಕಂದಾಗಿ ಕಪ್ಪಿಗೆ ತಿರುಗುತ್ತದೆ. ನಾನು ಎರಡರ ನಡುವಿನದನ್ನು ತರುತ್ತಿದ್ದೆ. ಬಳಸುವ ಮೊದಲು ಚಾಕುವಿನಿಂದ ಸಣ್ಣಗೆ ಕೊಚ್ಚಬೇಕು, ಇಲ್ಲದಿದ್ದರೆ ಕಾಳು ಹಲ್ಲಿಗೆ ಸಿಗುತ್ತದೆ.

ಇನ್ನು ಹ್ವಾಜಿಯಾವ್. ಹೆಸರಿಗೆ ಸಿಚುವಾನ್ ಪೆಪ್ಪರ್, ಆದರೆ ನಮ್ಮ ಕಾಳುಮೆಣಸಿನ ಜಾತಿಯಲ್ಲ. ಕರಾವಳಿ ಕಡೆಯವರು ಮೀನಿನ ಸಾರಿಗೆ ಹಾಕುವ ಜುಮ್ಮನಕಾಯಿ, ಕೊಂಕಣಿಯವರ ತೆಪ್ಪಾಲ್, ಅದರ ನೆಂಟ ಇದು. ಖಾರ ಇರುವುದಿಲ್ಲ, ನಾಲಿಗೆ ಜುಂ ಅನ್ನುತ್ತದೆ. ಅದಕ್ಕೆ ಕಾರಣ ಸಾನ್‌ಶೂಲ್ ಎಂಬ ವಸ್ತು. ಇದರ ಸಿಪ್ಪೆ ಮಾತ್ರ ಬೇಕು. ಒಳಗಿನ ಕಪ್ಪು ಬೀಜವನ್ನು ಕೂತು ಆರಿಸಿ ತೆಗೆಯಬೇಕು, ಬಿಟ್ಟರೆ ಪುಡಿ ಮರಳಿನ ಹಾಗೆ ಕರಕರ. ಸಣ್ಣ ಉರಿಯಲ್ಲಿ ವಾಸನೆ ಬರುವವರೆಗೆ ಹುರಿದು, ಕುಟ್ಟಿ, ಜರಡಿ ಹಿಡಿಯುವುದು. ಬಣ್ಣ ಕಪ್ಪಾದರೆ ಕಹಿ. ಒಮ್ಮೆಗೇ ಜಾಸ್ತಿ ಪುಡಿ ಮಾಡಿಡಬೇಡಿ, ಘಮ ಬೇಗ ಹಾರಿಹೋಗುತ್ತದೆ. ಹಾನ್‌ಯುವಾನ್ ಕಡೆಯ ಕೆಂಪು ಹ್ವಾಜಿಯಾವ್‌ಗೆ ಕಿತ್ತಳೆ ಸಿಪ್ಪೆಯಂಥ ವಾಸನೆ ಇರುತ್ತದೆ, ನನ್ನ ಓಟು ಅದಕ್ಕೇ.

ಈಗ ಮಾಪೋ ತೋಫು. ಚೆಂಗ್ಡುವಿನ ಉತ್ತರಕ್ಕೆ ವಾನ್‌ಫು ಸೇತುವೆ ಹತ್ತಿರ ಚಿಂಗ್ ರಾಜರ ಕಾಲದಲ್ಲಿ ಅಂಗಡಿ ಇಟ್ಟಿದ್ದ, ಮುಖದಲ್ಲಿ ಸಿಡುಬಿನ ಕಲೆ ಇದ್ದ ಚೆನ್ ಎಂಬ ಮನೆತನದ ಹೆಂಗಸಿನಿಂದ ಇದು ಬಂತು ಅನ್ನುತ್ತಾರೆ. ಮೆತ್ತನೆ ತೋಫು ಒಂದು 400 ಗ್ರಾಂ, ಎರಡು ಸೆಂಟಿಮೀಟರ್ ತುಂಡು ಮಾಡಿ, ಉಪ್ಪು ಹಾಕಿದ ಬಿಸಿ ನೀರಿನಲ್ಲಿ ಐದು ನಿಮಿಷ ಇಡಿ, ಕುದಿಸಬೇಡಿ. ಹಸಿ ಸೋಯಾ ವಾಸನೆ ಹೋಗುತ್ತದೆ, ತುಂಡುಗಳು ಗಟ್ಟಿಯಾಗುತ್ತವೆ. ಅಲ್ಲಿನವರು ಬಳಸುವುದು ಸಾಸಿವೆಯ ನೆಂಟ ರೇಪ್‌ಸೀಡ್ ಬೀಜವನ್ನು ಹುರಿದು ತೆಗೆದ ಎಣ್ಣೆ, ಜೇನಿನ ಬಣ್ಣದ್ದು. ಅದನ್ನು ಹೊಗೆ ಬರುವವರೆಗೆ ಕಾಯಿಸಿ, ಉರಿ ಇಳಿಸಿ, ಸ್ವಲ್ಪ ಆರಲು ಬಿಡಬೇಕು.

ನನ್ನ ಪ್ರಕಾರ ಸಿಚುವಾನ್ ಅಡುಗೆ ಗೆಲ್ಲುವುದು ಸೋಲುವುದು ಇಲ್ಲೇ. ಎರಡು ಚಮಚ ಕೊಚ್ಚಿದ ದೌಬಾನ್ ಹಾಕಿ ಸಣ್ಣ ಉರಿಯಲ್ಲಿ ತಿರುವುತ್ತಾ ಇರಿ. ಶುರುವಿನಲ್ಲಿ ಎಣ್ಣೆ ಎಣ್ಣೆಯ ಹಾಗೇ ಇರುತ್ತದೆ. ಆಮೇಲೆ ಅಂಚಿನಿಂದ ಕಿತ್ತಳೆ ಬಣ್ಣ ಬಿಡುತ್ತದೆ, ಇನ್ನೊಂದು ನಿಮಿಷಕ್ಕೆ ಪೂರ್ತಿ ಕೆಂಪು, ಹಸಿ ಹುಳಿ ವಾಸನೆ ಹೋಗಿ ಒಂದು ಥರ ಹುರಿದ ಘಮ. ಆಗ ಶುಂಠಿ, ಬೆಳ್ಳುಳ್ಳಿ, ಉಪ್ಪು ಹಾಕಿ ಹುಳಿಸಿದ ಕಪ್ಪು ಸೋಯಾ ಕಾಳು, ಚೂರು ಮೆಣಸಿನಪುಡಿ. ಅಜ್ಜಿ ಹಾಕುವ ದನದ ಮಾಂಸದ ಬದಲು ನಾನು ಒಣ ಶಿಟಾಕೆ ಅಣಬೆ ನೆನೆಸಿ, ಸಣ್ಣಗೆ ಕೊಚ್ಚಿ ಹಾಕುತ್ತೇನೆ. ಅಣಬೆ ನೆನೆಸಿದ ನೀರೇ ಸಾರು. ತೋಫು ಬಿಟ್ಟು ಸೌಟಿನ ಬೆನ್ನಿನಿಂದ ಮೆಲ್ಲಗೆ ತಳ್ಳಬೇಕು, ಕಲಕಿದರೆ ಪುಡಿಪುಡಿ. ಮೆಕ್ಕೆಜೋಳದ ಪಿಷ್ಟ (ಕಾರ್ನ್‌ಫ್ಲೋರ್) ಕಲಸಿದ ನೀರನ್ನು ಒಂದೇ ಸಲ ಸುರಿಯದೆ ಮೂರು ಸಲವಾಗಿ ಹಾಕಿದರೆ ರಸ ತೋಫುವಿಗೆ ಅಂಟಿಕೊಳ್ಳುತ್ತದೆ, ನೀರು ಬಿಡುವುದಿಲ್ಲ. ಕೊನೆಗೆ ಬೆಳ್ಳುಳ್ಳಿ ಎಲೆ, ಮೇಲೆ ಹ್ವಾಜಿಯಾವ್ ಪುಡಿ. ದೌಬಾನ್‌ನಲ್ಲೇ ಉಪ್ಪು ಜಾಸ್ತಿ ಇರುತ್ತದೆ, ಅದಕ್ಕೆ ರುಚಿ ನೋಡದೆ ಉಪ್ಪು ಮುಟ್ಟಬೇಡಿ.

ಎಲ್ಲ ಸಿಚುವಾನ್ ಅಡುಗೆಯೂ ನಾಲಿಗೆ ಸುಡುತ್ತೆ ಅಂತೇನಿಲ್ಲ. ಯೂಶಿಯಾಂಗ್ ಬದನೆಕಾಯಿಯನ್ನೇ ನೋಡಿ: ಹೆಸರಲ್ಲಿ ಮೀನಿನ ಘಮ, ಪಾತ್ರೆಯಲ್ಲಿ ಮೀನೇ ಇಲ್ಲ. ಉಪ್ಪಿನಲ್ಲಿ ಹುಳಿ ಬರಿಸಿದ ಕೆಂಪು ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಮಸಮ ಸಕ್ಕರೆ ಮತ್ತು ಕಪ್ಪು ವಿನೆಗರ್. ಸಿಹಿ, ಹುಳಿ, ಖಾರ ಮೂರೂ ಒಟ್ಟಿಗೆ ಬರಬೇಕು. ಚಪಾತಿ ಜೊತೆಗೂ ಚೆನ್ನಾಗಿರುತ್ತೆ, ಅಜ್ಜಿಗೆ ಮಾತ್ರ ಹೇಳಲಿಲ್ಲ. ಹುರಿದ ಬೀನ್ಸ್ ಇನ್ನೂ ಸುಲಭ: ಸಿಪ್ಪೆ ಸುಕ್ಕಾಗುವವರೆಗೆ ಹುರಿದು, ಈಬಿನ್ ಊರಿನ ಯಾತ್ಸಾಯ್ ಅನ್ನುವ ಸೊಪ್ಪಿನ ಉಪ್ಪಿನಕಾಯಿ, ಒಣಮೆಣಸಿನಕಾಯಿ ಸೇರಿಸಿದರೆ ಮುಗಿಯಿತು. ಬೀನ್ಸ್ ಅರೆಬೆಂದಿರಬಾರದು, ಹೊಟ್ಟೆ ಕೆಡುತ್ತದೆ.

ಯೂಶಿಯಾಂಗ್‌ಗೆ ಹಾಕುವ ಆ ಹುಳಿ ಮೆಣಸಿನಕಾಯಿ ಬರುವುದು ಪಾವ್‌ತ್ಸಾಯ್, ಅಂದರೆ ಉಪ್ಪುನೀರಿನಲ್ಲಿ ಹುಳಿಸಿದ ತರಕಾರಿಯ ಜಾಡಿಯಿಂದ. ಬಾಯಿಯ ಸುತ್ತ ಒಂದು ಕಾಲುವೆ ಇರುತ್ತದೆ, ಅದರಲ್ಲಿ ನೀರು ತುಂಬಿ ಮುಚ್ಚಳ ಬೋರಲು ಹಾಕಿದರೆ ಒಳಗಿನ ಗಾಳಿ ಬುಳುಕ್ ಅಂತ ಹೊರಗೆ ಬರುತ್ತದೆ, ಹೊರಗಿನದು ಒಳಗೆ ಹೋಗುವುದಿಲ್ಲ. ಕಾಲುವೆ ಒಣಗಲು ಬಿಡಬಾರದು. ಎಣ್ಣೆ ಕೈ, ಹಸಿ ನೀರು ಸೋಕಿಸಬಾರದು ಅನ್ನುವುದರಲ್ಲಿ ಅಜ್ಜಿ ನಮ್ಮಮ್ಮನ ಉಪ್ಪಿನಕಾಯಿ ಜಾಡಿಯ ಮಡಿಗಿಂತ ಒಂದು ಕೈ ಮೇಲು. ಮೂಲಂಗಿ, ಎಲೆಕೋಸು ಒಂದು ರಾತ್ರಿ ಮುಳುಗಿಸಿದರೆ ಮರುದಿನದ ಗಂಜಿಗೆ ಆಯಿತು.

ಊರಿನಲ್ಲಿ ಮಾಡುವವರಿಗೆ: ದೌಬಾನ್ ಕೊಳ್ಳುವಾಗ ಪ್ಯಾಕೆಟ್ ಹಿಂದೆ ಓದಿ, ಫಾವಾ ಕಾಳು ಇಲ್ಲದೆ ಬರೀ ಸೋಯಾ, ಸಕ್ಕರೆ ಇದ್ದರೆ ಬಿಟ್ಟುಬಿಡಿ. ರೇಪ್‌ಸೀಡ್ ಬದಲು ಸಾಸಿವೆ ಎಣ್ಣೆ ಹೊಗೆ ಬರುವವರೆಗೆ ಕಾಯಿಸಿ ಬಳಸಬಹುದು, ಅರ್ಧ ಕಡಲೆಕಾಯಿ ಎಣ್ಣೆ ಬೆರೆಸಿದರೆ ಘಾಟು ಕಡಿಮೆ. ಹ್ವಾಜಿಯಾವ್ ಸಿಗದಿದ್ದರೆ ಜುಮ್ಮನಕಾಯಿ ಸಿಪ್ಪೆ ನಡೆಯುತ್ತೆ, ಆದರೆ ವಾಸನೆ ಬೇರೆ ದಾರಿ ಹಿಡಿಯುತ್ತದೆ, ಮೊದಲು ಅರ್ಧದಷ್ಟೇ ಹಾಕಿ ನೋಡಿ.