ಝೆರಾಕ್ಸ್ ಅಂಗಡಿಯಲ್ಲಿ ಬಿಟ್ಟು ಬಂದ ಪಾಸ್‌ವರ್ಡ್

ಪಹಣಿ ಪ್ರಿಂಟ್ ತೆಗೆಸಲು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಫೈಲ್ ಜಿಮೇಲ್‌ನಲ್ಲಿತ್ತು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಗಡಿಬಿಡಿಯಲ್ಲಿ ಅಲ್ಲಿನ ಕ್ರೋಮ್‌ನಲ್ಲೇ ಲಾಗಿನ್ ಆದೆ. ಏನೋ ಕೇಳಿತು, ಓದದೆ ‘ಸೇವ್’ ಒತ್ತಿದೆ.

ವಾರ ಬಿಟ್ಟು ಹೋದಾಗ ಅಂಗಡಿಯ ಹುಡುಗ, “ಅಕ್ಕಾ, ನಿಮ್ಮ ಮೇಲ್ ಇನ್ನೂ ಓಪನ್ ಇದೆ” ಅಂದ. ಲಾಗ್‌ಔಟ್ ಮಾಡಿದೆ. ಮುಗೀತು ಅಂದುಕೊಂಡರೆ ಅವನು ಸುಮ್ನೆ ನಕ್ಕ. ಮೂಲೆಯ ಮೂರು ಚುಕ್ಕಿ ಒತ್ತಿ ಪಾಸ್‌ವರ್ಡ್ ಮ್ಯಾನೇಜರ್ ತೆರೆದ. ನನ್ನ ಮೇಲ್ ಐಡಿ, ಕೆಳಗೆ ಸಾಲಾಗಿ ಚುಕ್ಕಿಗಳು. ಕಣ್ಣಿನ ಗುರುತು ಒತ್ತಿದ್ದೇ ತಡ, ಚುಕ್ಕಿಗಳ ಜಾಗದಲ್ಲಿ ನನ್ನ ಪಾಸ್‌ವರ್ಡ್! ಅಲ್ಲಿ ವಿಂಡೋಸ್‌ನ ಪಿನ್ ಕೇಳಬೇಕಿತ್ತು. ಆ ಕಂಪ್ಯೂಟರಿಗೆ ಪಿನ್ನೇ ಇಟ್ಟಿರಲಿಲ್ಲ.

ಮೊದಲು ಆ ಪಟ್ಟಿಯಿಂದ ಅಳಿಸಿದೆ. ಆಮೇಲೆ ಹೊರಗೆ ಬಂದು ಫೋನಿನಲ್ಲೇ ಪಾಸ್‌ವರ್ಡ್ ಬದಲಿಸಿದೆ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಲಾಗಿನ್ ಆಗಿರುವ ಸಾಧನಗಳ ಪಟ್ಟಿ ಇರುತ್ತದೆ. ಅಲ್ಲಿ ಗುರುತು ಸಿಗದ ಒಂದು ಹಳೇ ಕಂಪ್ಯೂಟರ್ ಇತ್ತು, ಅದನ್ನೂ ಸೈನ್‌ಔಟ್ ಮಾಡಿದೆ. ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತರಿಯನ್ನೂ ಕೇಳುವ ಎರಡು ಹಂತದ ಪರಿಶೀಲನೆ ಹಾಕಿದೆ. ಕರೆಂಟ್ ಬಿಲ್ಲಿಗೂ ಅದೇ ಪಾಸ್‌ವರ್ಡ್ ಇಟ್ಟಿದ್ದೆ, ನನ್ನದೇ ಸೋಮಾರಿತನ. ಅದನ್ನೂ ಬದಲಿಸಬೇಕಾಯಿತು.

ಪುಣ್ಯಕ್ಕೆ ಅವತ್ತು ಕ್ರೋಮ್ ಸಿಂಕ್, ಅಂದ್ರೆ ಖಾತೆಯಲ್ಲಿರುವುದನ್ನು ಆ ಕಂಪ್ಯೂಟರಿಗೂ ತರುವ ಸೌಲಭ್ಯ, ಆನ್ ಮಾಡಿರಲಿಲ್ಲ. ಮಾಡಿದ್ದರೆ ನನ್ನ ಖಾತೆಯಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳೆಲ್ಲ ಅಲ್ಲಿಗೇ ಇಳಿಯುತ್ತಿದ್ದವು.

ಈಗ ಬೇರೆ ದಾರಿಯೇ ಇಲ್ಲದಿದ್ದರೆ ಪ್ರೊಫೈಲ್ ಚಿತ್ರ ಒತ್ತಿ ಗೆಸ್ಟ್ ವಿಂಡೋ ತೆರೆಯುತ್ತೇನೆ. ಗೆಸ್ಟ್ ವಿಂಡೋಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ. ಆದರೆ ಒತ್ತಿದ ಕೀಲಿಗಳನ್ನು ಕದಿಯುವ ತಂತ್ರಾಂಶ ಇದ್ದರೆ ಅದೂ ಉಪಯೋಗಕ್ಕೆ ಬರಲ್ಲ. ಅದಕ್ಕೇ ಜಾಸ್ತಿ ಸಲ ಫೈಲನ್ನು ಅಂಗಡಿಯ ವಾಟ್ಸ್ಯಾಪ್ ನಂಬರಿಗೆ ಕಳಿಸಿ, ಪ್ರಿಂಟ್ ಆದ ಮೇಲೆ ಎದುರಿಗೇ ಡಿಲೀಟ್ ಮಾಡಿಸುತ್ತೇನೆ.