ಶಾಪಿಂಗ್ ಹುಡುಕಾಟದಲ್ಲಿ ಸರಕು ಕಾಣಿಸಿಕೊಳ್ಳುವ ಬಗೆ: ನನ್ನ ಅನುಭವ

ಲೇಖನ ಸಾಮಗ್ರಿ ಮಾರುವ ಜಾಲತಾಣವೊಂದರ ಉತ್ಪನ್ನಗಳನ್ನು ಶಾಪಿಂಗ್ ಹುಡುಕಾಟದ, ಅಂದರೆ ಗೂಗಲ್ ಮುಂತಾದ ಹುಡುಕುತಾಣಗಳು ಮಾರಾಟದ ಸರಕುಗಳನ್ನೇ ತೋರಿಸುವ ವಿಭಾಗದ, ಫಲಿತಾಂಶಗಳಿಗೆ ಸೇರಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅಲ್ಲಿ ಕಾಣುವ ಚಿತ್ರ, ಬೆಲೆ, ಅಂಗಡಿಯ ಹೆಸರು ಇವೆಲ್ಲ ಎಲ್ಲಿಂದ ಬರುತ್ತವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕಾಯಿತು. ಸಾಮಾನ್ಯ ಹುಡುಕಾಟದಲ್ಲಿ ಹುಡುಕುತಾಣದ ಯಂತ್ರವೇ ಪುಟದಿಂದ ಪುಟಕ್ಕೆ ಹೋಗಿ ಓದಿಕೊಳ್ಳುತ್ತದೆ. ಶಾಪಿಂಗ್ ಹುಡುಕಾಟದಲ್ಲಾದರೋ ಹೆಚ್ಚಿನ ಮಾಹಿತಿ ಮಾರಾಟಗಾರರೇ ಫೀಡ್ ಎಂಬ ಕಡತದಲ್ಲಿ ಬರೆದು ಒಪ್ಪಿಸಿದ್ದು. ಯಂತ್ರ ಪುಟವನ್ನು ಓದುವುದು ಮುಖ್ಯವಾಗಿ ಅದನ್ನು ತಾಳೆ ನೋಡಲು.

ಗೂಗಲ್ 2002ರಲ್ಲಿ ಫ್ರೂಗಲ್ ಎಂಬ ಹೆಸರಿನಲ್ಲಿ ಈ ಸೇವೆಯನ್ನು ಆರಂಭಿಸಿದಾಗ ಪಟ್ಟಿಗೆ ಸೇರಲು ಹಣ ಕೊಡಬೇಕಿರಲಿಲ್ಲ. 2012ರಲ್ಲಿ ಅಮೆರಿಕದಿಂದ ಆರಂಭಿಸಿ ಅದನ್ನು ಸಂಪೂರ್ಣವಾಗಿ ಜಾಹೀರಾತಿನ ವ್ಯವಸ್ಥೆಯಾಗಿ ಬದಲಾಯಿಸಲಾಯಿತು. 2020ರಲ್ಲಿ ಉಚಿತ ಪಟ್ಟಿಗಳು ಮತ್ತೆ ಬಂದವು. ಹೀಗಾಗಿ ಇಂದು ಒಂದೇ ಪರದೆಯಲ್ಲಿ ಉತ್ಪನ್ನದ ಚಿತ್ರ, ಬೆಲೆಗಳನ್ನು ತೋರಿಸುವ ಎರಡು ಬಗೆಯ ಕಾರ್ಡುಗಳಿರುತ್ತವೆ: ಪ್ರಾಯೋಜಿತ ಎಂಬ ಗುರುತಿರುವವು, ಅಂದರೆ ಒಂದು ಕ್ಲಿಕ್ಕಿಗೆ ಇಷ್ಟು ಹಣವೆಂದು ಮಾರಾಟಗಾರರು ಕೂಗುವ ಹರಾಜಿನಲ್ಲಿ ಗೆದ್ದವು, ಮತ್ತು ಆ ಗುರುತಿಲ್ಲದವು. ಎರಡಕ್ಕೂ ಮೂಲ ಅದೇ ಫೀಡ್ ಆದದ್ದರಿಂದ, ಜಾಹೀರಾತಿಗೆ ಹಣ ತೆಗೆದಿಡುವ ಮೊದಲು ಫೀಡನ್ನು ಸರಿಪಡಿಸುವುದೇ ಒಳಿತೆಂದು ನಾನು ನಿರ್ಧರಿಸಿದೆ.

ಫೀಡಿನಲ್ಲಿ ಒಂದು ಸಾಲಿಗೆ ಒಂದು ಉತ್ಪನ್ನ. ಗುರುತಿನ ಸಂಖ್ಯೆ, ಶೀರ್ಷಿಕೆ, ವಿವರಣೆ, ಕೊಂಡಿ, ಚಿತ್ರ, ಬೆಲೆ, ದಾಸ್ತಾನು, ಬ್ರ್ಯಾಂಡ್ ಇವು ಅಂಕಣಗಳು. ಇವುಗಳಲ್ಲಿ ನನ್ನ ಹೆಚ್ಚಿನ ಸಮಯ ಹೋದದ್ದು ಶೀರ್ಷಿಕೆಗೆ. ಪಠ್ಯ ಜಾಹೀರಾತಿನಲ್ಲಿ ಮಾಡುವಂತೆ ಇಲ್ಲಿ ನಾವು ಯಾವ ಪದಕ್ಕೆ ಕಾಣಬೇಕೆಂದು ಆರಿಸಿಕೊಳ್ಳಲಾಗುವುದಿಲ್ಲ. ಕೊಳ್ಳುವವರು ಟೈಪ್ ಮಾಡಿದ್ದನ್ನು ಯಂತ್ರವು ನಮ್ಮ ಶೀರ್ಷಿಕೆ, ವಿವರಣೆ ಮತ್ತಿತರ ಅಂಕಣಗಳೊಂದಿಗೆ ಹೊಂದಿಸಿ ನೋಡುತ್ತದೆ. ನಮ್ಮ ಪುಟದಲ್ಲಿ ‘ಕ್ಲಾಸಿಕ್ ಬ್ಲೂ’ ಎಂದಷ್ಟೇ ಇದ್ದ ಸರಕಿಗೆ ಫೀಡಿನಲ್ಲಿ ಬ್ರ್ಯಾಂಡಿನ ಹೆಸರು, ನಂತರ ‘ಜೆಲ್ ಪೆನ್, ನೀಲಿ ಶಾಯಿ, 0.5 ಮಿ.ಮೀ., 10ರ ಪ್ಯಾಕ್’ ಎಂದು ಬರೆದೆ. ಶೀರ್ಷಿಕೆಗೆ 150 ಅಕ್ಷರಗಳವರೆಗೆ ಅವಕಾಶವಿದ್ದರೂ ಕಾರ್ಡಿನಲ್ಲಿ ಕಾಣುವುದು ಅದರ ಒಂದು ಭಾಗ ಮಾತ್ರ. ಆದ್ದರಿಂದ ಕೊಳ್ಳುವವರು ಮೊದಲು ಕೇಳುವ ಸಂಗತಿ ಎಡತುದಿಯಲ್ಲಿಯೇ ಇರಬೇಕು. ‘ಅತ್ಯುತ್ತಮ’, ‘ಉಚಿತ ಸಾಗಣೆ’ ಮುಂತಾದ ಪ್ರಚಾರದ ಮಾತುಗಳಿಗೆ ಅಲ್ಲಿ ಜಾಗವಿಲ್ಲ. ಚಿತ್ರದ ಮೇಲೆ ಇಂಥದ್ದನ್ನು ಮುದ್ರಿಸಿದರೂ ತಿರಸ್ಕಾರವಾಗುತ್ತದೆ.

ಒಂದೇ ಪೆನ್ನನ್ನು ಹಲವರು ಮಾರುತ್ತಿದ್ದರೆ ಅವರೆಲ್ಲರನ್ನೂ ಒಂದೇ ಉತ್ಪನ್ನದಡಿ ತಂದು ಬೆಲೆ ಹೋಲಿಸಿ ತೋರಿಸುವುದು ಹೇಗೆ? ಇದಕ್ಕೆ ಮುಖ್ಯ ಆಧಾರ ಬಾರ್‌ಕೋಡಿನ ಕೆಳಗಿರುವ ಜಿಟಿಐಎನ್ ಸಂಖ್ಯೆ, ಅಂದರೆ ಯಾರೇ ಮಾರಿದರೂ ಒಂದು ಸರಕಿಗೆ ಒಂದೇ ಆಗಿರುವ ಸಂಖ್ಯೆ. ಅದು 8, 12, 13 ಅಥವಾ 14 ಅಂಕಿಗಳದ್ದಾಗಿದ್ದು, ಕೊನೆಯ ಅಂಕಿಯು ಉಳಿದವು ಸರಿಯಾಗಿವೆಯೇ ಎಂದು ಪರೀಕ್ಷಿಸುವುದಕ್ಕಿದೆ. ಉದಾಹರಣೆಗೆ 4006381333931 ಎಂಬ ಸಂಖ್ಯೆಯಲ್ಲಿ ಮೊದಲ ಹನ್ನೆರಡು ಅಂಕಿಗಳನ್ನು ಎಡದಿಂದ 1, 3, 1, 3 ಎಂಬ ಸರದಿಯಲ್ಲಿ ಗುಣಿಸಿ ಕೂಡಿದರೆ 89 ಬರುತ್ತದೆ. ಮುಂದಿನ ಹತ್ತರ ಗುಣಕವಾದ 90ಕ್ಕೆ 1 ಬೇಕು, ಕೊನೆಯ ಅಂಕಿಯೂ 1. ಈ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ಒಂದು ಸೂತ್ರವಾಗಿ ಬರೆದಿಟ್ಟುಕೊಂಡದ್ದರಿಂದ, ಸರಬರಾಜುದಾರರ ಪಟ್ಟಿಗಳಲ್ಲಿ ಆರಂಭದ ಸೊನ್ನೆ ಉದುರಿಹೋದ ಅಥವಾ ಅಂಕಿ ತಪ್ಪಿದ ಸಾಲುಗಳು ಕಳಿಸುವ ಮೊದಲೇ ಸಿಕ್ಕಿಬೀಳುತ್ತಿದ್ದವು. ಆರಂಭದ ಸೊನ್ನೆಯನ್ನು ನುಂಗುವುದು ಸ್ಪ್ರೆಡ್‌ಶೀಟ್ ತಂತ್ರಾಂಶಗಳ ಹಳೆಯ ಚಾಳಿ. ಆ ಅಂಕಣವನ್ನು ಪಠ್ಯ ಎಂದು ನಮೂದಿಸಬೇಕು. ನಾವೇ ಹೊಲಿಸಿ ಮಾರುವ ನೋಟ್‌ಬುಕ್ಕುಗಳಿಗೆ ಇಂಥ ಸಂಖ್ಯೆಯೇ ಇರಲಿಲ್ಲ. ಅಂಥಲ್ಲಿ ಸಂಖ್ಯೆಯನ್ನು ಕಟ್ಟಿ ಬರೆಯುವುದಕ್ಕಿಂತ, ಇಂಥ ಸಂಖ್ಯೆ ಇಲ್ಲ ಎಂದು ಅದಕ್ಕೆಂದೇ ಇರುವ ಅಂಕಣದಲ್ಲಿ ತಿಳಿಸುವುದು ಸರಿಯಾದ ಕ್ರಮ.

ಬೆಲೆಯ ವಿಷಯದಲ್ಲಿ ಯಂತ್ರ ಕಟ್ಟುನಿಟ್ಟು. ಫೀಡಿನಲ್ಲಿರುವ ಬೆಲೆಯೂ ಕ್ಲಿಕ್ಕಿಸಿದಾಗ ತೆರೆಯುವ ಪುಟದ ಬೆಲೆಯೂ ಬೇರೆಬೇರೆಯಾದರೆ ಉತ್ಪನ್ನವನ್ನು ಪಟ್ಟಿಯಿಂದ ಕೆಳಗಿಳಿಸುತ್ತದೆ. ಪುಟದಲ್ಲಿ ಮನುಷ್ಯರು ಓದುವ ಬೆಲೆಯ ಜೊತೆಗೆ ಯಂತ್ರಕ್ಕೆಂದು ಸ್ಕೀಮಾ ಡಾಟ್ ಆರ್ಗ್‌ನ ಪದಕೋಶದಲ್ಲಿ ಬರೆದ ಬೆಲೆಯೂ ಇರುತ್ತದೆ. ಗೂಗಲ್, ಬಿಂಗ್ ಮತ್ತು ಯಾಹೂ ಸೇರಿ 2011ರಲ್ಲಿ ರೂಪಿಸಿದ, ಪುಟದಲ್ಲಿರುವುದನ್ನು ಯಂತ್ರಗಳಿಗೆ ತಿಳಿಸುವ ಪದಕೋಶವದು. ರಿಯಾಯಿತಿ ಆರಂಭಿಸುವಾಗ ನಾನು ಪಾಲಿಸಿದ ಕ್ರಮವೆಂದರೆ, ಮೊದಲು ಪುಟವನ್ನು ಬದಲಿಸಿ, ಕ್ಯಾಶ್ (ಬೇಗ ತೆರೆಯಲೆಂದು ಉಳಿಸಿಟ್ಟ ಪುಟದ ಹಳೆಯ ಪ್ರತಿ) ತೆರವುಗೊಳಿಸಿ, ಎರಡೂ ಕಡೆ ಹೊಸ ಬೆಲೆಯೇ ಕಾಣುತ್ತಿದೆಯೆಂದು ಖಚಿತಪಡಿಸಿಕೊಂಡ ಕೂಡಲೇ ಫೀಡ್ ಕಳಿಸುವುದು. ಬದಲಾವಣೆ ಇಲ್ಲದಿದ್ದರೂ 30 ದಿನಗಳೊಳಗೆ ಮತ್ತೆ ಕಳಿಸದಿದ್ದರೆ ಸರಕು ತಾನಾಗಿಯೇ ಅವಧಿ ಮೀರುವುದರಿಂದ, ದಿನಕ್ಕೊಮ್ಮೆ ತಾನೇ ಹೋಗುವಂತೆ ಏರ್ಪಾಡು ಮಾಡಿದೆ.

ಇಷ್ಟೆಲ್ಲ ಮಾಡಿದರೂ ಯಾರ ಕಾರ್ಡು ಮೇಲಿರಬೇಕೆಂಬುದು ಮಾರಾಟಗಾರರ ಕೈಯಲ್ಲಿಲ್ಲ. ತನ್ನದೇ ಬೆಲೆ ಹೋಲಿಕೆ ಸೇವೆಗೆ ಹುಡುಕಾಟದಲ್ಲಿ ಮೇಲಿನ ಸ್ಥಾನ ಕೊಟ್ಟು ಉಳಿದ ಹೋಲಿಕೆ ತಾಣಗಳನ್ನು ಕೆಳಕ್ಕೆ ತಳ್ಳಿತೆಂದು ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಕಮಿಷನ್ 2017ರಲ್ಲಿ ಗೂಗಲ್‌ಗೆ 242 ಕೋಟಿ ಯೂರೋ ದಂಡ ವಿಧಿಸಿತು. 2024ರಲ್ಲಿ ಒಕ್ಕೂಟದ ಅತ್ಯುನ್ನತ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಆದ್ದರಿಂದ ಫೀಡನ್ನು ಒಂದೇ ಕಡೆಗೆ ಕಳಿಸಿ ಕೂರದೆ, ಅಂಕಣಗಳ ಹೆಸರನ್ನು ಅಲ್ಪಸ್ವಲ್ಪ ಬದಲಿಸಿ ಬಿಂಗ್‌ಗೂ ಬೆಲೆ ಹೋಲಿಕೆ ತಾಣಗಳಿಗೂ ಅದನ್ನೇ ಕಳಿಸತೊಡಗಿದೆ. ಒಮ್ಮೆ ಶುದ್ಧಗೊಂಡ ಪಟ್ಟಿಗೆ ಹೊಸ ತಾಣ ಸೇರಿಸುವುದು ಹೆಚ್ಚಿನ ಶ್ರಮದ ಕೆಲಸವೇನಲ್ಲ.